ಗಪ್ಪಿ ಮರಿಗಳಿಗೆ ಆರ್ಟೀಮಿಯಾ: ಬಾವಿನೀರಿನ ಮನೆಯಲ್ಲಿ ಮರಿ ಮಾಡಿಸುವ ಕ್ರಮ

ಗಾಜಿನ ತೊಟ್ಟಿಯಲ್ಲಿ ಗಪ್ಪಿ ಎಂಬ ಪುಟ್ಟ ಮೀನು ಮರಿ ಹಾಕಿದ ದಿನ ಮನೆಯ ಮಕ್ಕಳಿಗೆ ಹಬ್ಬವೇ ಸರಿ. ನಾಲ್ಕೈದು ದಿನಗಳಲ್ಲಿ ಆ ಮರಿಗಳು ಒಂದೊಂದಾಗಿ ತಳ ಸೇರತೊಡಗಿದಾಗ ಅದೇ ಮಕ್ಕಳ ಮುಖ ನೋಡುವುದು ಕಷ್ಟ. ಹೆಚ್ಚಿನ ಮನೆಗಳಲ್ಲಿ ಇದಕ್ಕೆ ಕಾರಣ ರೋಗವಲ್ಲ, ಆಹಾರ. ದೊಡ್ಡ ಮೀನಿನ ಕಾಳನ್ನು ಪುಡಿಮಾಡಿ ಉದುರಿಸಿದರೆ ಮರಿಗಳು ತಿನ್ನುವುದು ಅರೆಪಾಲು, ಉಳಿದದ್ದು ಕೊಳೆತು ನೀರನ್ನು ಕೆಡಿಸುತ್ತದೆ. ಕಣ್ಣೆದುರು ಅಲುಗಾಡುವ ಜೀವಂತ ಆಹಾರವನ್ನಾದರೆ ಅವು ತಾವಾಗಿಯೇ ಬೆನ್ನಟ್ಟಿ ಹಿಡಿಯುತ್ತವೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ನಮ್ಮ ಮನೆಯಲ್ಲಿ ಮೊಮ್ಮಗನ ತೊಟ್ಟಿಗಾಗಿ ನಾನು ಆರ್ಟೀಮಿಯಾ ಮೊಟ್ಟೆ ಒಡೆಸಲು ಕಲಿತದ್ದು ಈ ಕಾರಣಕ್ಕೆ.

ಆರ್ಟೀಮಿಯಾ ಎಂದರೆ ಸಮುದ್ರಕ್ಕಿಂತಲೂ ಉಪ್ಪಾದ ಸರೋವರಗಳಲ್ಲಿ ಬದುಕಬಲ್ಲ, ಸಿಗಡಿಯ ದೂರದ ಸಂಬಂಧಿಯಾದ ಒಂದು ಪುಟ್ಟ ಜೀವಿ. ಅಂಗಡಿಯ ಡಬ್ಬಿಗಳಲ್ಲಿ ಬರುವ ಮೊಟ್ಟೆಯ ದೊಡ್ಡ ಪಾಲು ಅಮೆರಿಕದ ಯೂಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕ್ ಎಂಬ ಉಪ್ಪು ಸರೋವರದ್ದು. ನಮ್ಮ ದೇಶದಲ್ಲಿಯೂ ತಮಿಳುನಾಡಿನ ತೂತುಕುಡಿಯ ಉಪ್ಪಿನ ಆಗರಗಳಲ್ಲಿ ಇದು ಇದೆ. ಸಾಸಿವೆಗಿಂತ ಎಷ್ಟೋ ಸಣ್ಣದಾದ, ನೋಡಲು ಕಾಫಿಪುಡಿಯಂತಿರುವ ಈ ಮೊಟ್ಟೆಗಳು ಒಂದು ಗ್ರಾಮಿಗೆ ಎರಡು ಲಕ್ಷಕ್ಕೂ ಮೇಲೆ ಇರುತ್ತವೆ. ಒಣಗಿದ ಸ್ಥಿತಿಯಲ್ಲಿ ಒಳಗಿನ ಜೀವ ವರ್ಷಗಟ್ಟಲೆ ಮಲಗಿಯೇ ಇದ್ದು, ಹದವಾದ ಉಪ್ಪುನೀರು ಸಿಕ್ಕಿದ ಮರುದಿನ ಏಳುತ್ತದೆ. ಮೀನಿನ ಮರಿಗಳಿಗೆ ಇದು ಉತ್ತಮ ಆಹಾರವೆಂಬುದು 1930ರ ದಶಕದಿಂದಲೇ ತಿಳಿದ ಸಂಗತಿ.

ಮೊದಲ ಮೂರು ಸಲ ನನ್ನ ಬಾಟಲಿಯಲ್ಲಿ ಹತ್ತಕ್ಕೆ ಒಂದು ಮೊಟ್ಟೆಯೂ ಒಡೆಯಲಿಲ್ಲ. ಉಪ್ಪು ತೂಗಿ ಹಾಕಿದ್ದೆ, ಗಾಳಿ ಬಿಟ್ಟಿದ್ದೆ, ದೀಪ ಇಟ್ಟಿದ್ದೆ. ಮೊಟ್ಟೆಯೇ ಹಳತು ಎಂದು ತೀರ್ಮಾನಿಸಿ ಹೊಸ ಡಬ್ಬಿ ತರಿಸಿದರೂ ಫಲ ಅಷ್ಟೇ. ತಪ್ಪು ಇದ್ದದ್ದು ನೀರಿನಲ್ಲಿ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದ ಬಾವಿನೀರೂ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರೂ ಕುಡಿಯಲು ಬಲು ಸವಿ, ಅವುಗಳಲ್ಲಿ ಕ್ಲೋರಿನ್ನಿನ ಭಯವೂ ಇಲ್ಲ. ಆದರೆ ಸುಣ್ಣದ ಅಂಶ ಬಹಳ ಕಡಿಮೆಯಾದುದರಿಂದ ಅವು ಸ್ವಲ್ಪ ಆಮ್ಲದ ಕಡೆಗೆ ವಾಲಿರುತ್ತವೆ. ಮೊಟ್ಟೆಯ ಒಳಗಿನಿಂದ ಮರಿಯನ್ನು ಬಿಡಿಸುವ ಕಿಣ್ವ ಚೆನ್ನಾಗಿ ಕೆಲಸ ಮಾಡಬೇಕಾದರೆ ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರಗಳ ಅಳತೆ, 8ಕ್ಕಿಂತ ಮೇಲಿರಬೇಕು. ಒಂದು ಲೀಟರಿಗೆ ಕಾಲು ಟೀ ಚಮಚ ಅಡುಗೆ ಸೋಡಾ ಬೆರೆಸಿದ ಮೇಲೆ ಅದೇ ಡಬ್ಬಿಯ ಮೊಟ್ಟೆಗಳು ಬಹುಪಾಲು ಒಡೆದವು. ಆದ್ದರಿಂದ ಕಾಸರಗೋಡಿನ ಬಾವಿನೀರು ಬಳಸುವವರು ಬೇರೆ ಯಾವುದನ್ನು ಮರೆತರೂ ಸೋಡಾವನ್ನು ಮರೆಯಬಾರದು ಎಂದು ಒತ್ತಿ ಹೇಳುತ್ತೇನೆ.

ಇನ್ನು ಕ್ರಮ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳವನ್ನು ಕತ್ತರಿಸಿ, ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, ತಲೆಕೆಳಗಾಗಿ ಒಂದು ಚೊಂಬಿನಲ್ಲಿಯೋ ಡಬ್ಬದಲ್ಲಿಯೋ ಅಲುಗದಂತೆ ನಿಲ್ಲಿಸಬೇಕು. ಒಂದು ಲೀಟರು ನೀರಿಗೆ 25ರಿಂದ 30 ಗ್ರಾಂ ಕಲ್ಲುಪ್ಪನ್ನು ಕರಗಿಸಿ, ಕಸವಿದ್ದರೆ ಸೋಸಿ, ಸೋಡಾ ಸೇರಿಸಿ, ಅದಕ್ಕೆ ಒಂದು ಗ್ರಾಮಿನಷ್ಟು, ಅಂದರೆ ಅರ್ಧ ಟೀ ಚಮಚಕ್ಕಿಂತ ಕಡಿಮೆ ಮೊಟ್ಟೆ ಹಾಕಿದರೆ ಒಂದು ತೊಟ್ಟಿಯ ಮರಿಗಳಿಗೆ ಧಾರಾಳ. ಏರ್ ಪಂಪಿನ ಪೈಪು ಬಾಟಲಿಯ ಚೂಪಾದ ಕೆಳತುದಿಯವರೆಗೆ ಇಳಿದಿರಬೇಕು, ಏಕೆಂದರೆ ಮೊಟ್ಟೆಗಳು ಅಲ್ಲಿ ಕುಳಿತರೆ ಉಸಿರು ಸಿಗದೆ ಒಡೆಯುವುದಿಲ್ಲ. ಪೈಪಿನ ತುದಿಗೆ ಗಾಳಿಕಲ್ಲು ಸಿಕ್ಕಿಸಬೇಡಿ. ಅದರ ಸಣ್ಣ ಗುಳ್ಳೆಗಳು ನೊರೆ ಎಬ್ಬಿಸಿ ಮೊಟ್ಟೆಗಳನ್ನು ಬಾಟಲಿಯ ಗೋಡೆಗೆ ಅಂಟಿಸಿಬಿಡುತ್ತವೆ. ನೀರು 26ರಿಂದ 28 ಡಿಗ್ರಿ ಬೆಚ್ಚಗಿದ್ದು ಮೇಲಿನಿಂದ ಬೆಳಕು ಬೀಳುತ್ತಿದ್ದರೆ ಸುಮಾರು 24 ಗಂಟೆಗಳಲ್ಲಿ ಮರಿ ಹೊರಡುತ್ತದೆ. ಬೇಸಿಗೆಯಲ್ಲಿ ಇದಕ್ಕೆ ಏನೂ ಶ್ರಮವಿಲ್ಲ. ಆಟಿ ತಿಂಗಳ ಮಳೆಯಲ್ಲಿ ನೀರು ತಣ್ಣಗಾಗಿ 36 ಗಂಟೆಯೂ ಹಿಡಿದೀತು. ಆಗ ಹಳೆಯ ಮಾದರಿಯ ತಂತಿಯ ಬಲ್ಬನ್ನು ಹತ್ತಿರದಲ್ಲಿ ಉರಿಸಿದರೆ ಬೆಳಕೂ ಶಾಖವೂ ಒಟ್ಟಿಗೆ ಸಿಗುತ್ತವೆ. ಎಲ್‌ಇಡಿ ಬಲ್ಬಿನಿಂದ ಶಾಖದ ಕೆಲಸ ಆಗುವುದಿಲ್ಲ.

ಮಳೆಗಾಲದ ಇನ್ನೊಂದು ಸಂಕಟ ಕರೆಂಟಿನದು. ಒಂದು ರಾತ್ರಿ ಗಾಳಿಮಳೆಗೆ ಕರೆಂಟು ಹೋದಾಗ ಕೆಳಗೆ ನೆಲದ ಮೇಲಿದ್ದ ಪಂಪಿಗೆ ಬಾಟಲಿಯ ಉಪ್ಪುನೀರು ಪೈಪಿನ ಮೂಲಕ ಇಳಿದು, ಬೆಳಗಾಗುವಾಗ ಪಂಪೂ ಹಾಳಾಗಿತ್ತು, ಮೊಟ್ಟೆಗಳೂ ತಳದಲ್ಲಿ ಗಟ್ಟಿ ಕುಳಿತು ಒಡೆಯದೆ ಉಳಿದಿದ್ದವು. ಪಂಪನ್ನು ಯಾವಾಗಲೂ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿ ಇಡಬೇಕೆಂಬುದನ್ನು ಅಂದಿನಿಂದ ತಪ್ಪದೆ ಪಾಲಿಸುತ್ತಿದ್ದೇನೆ. ಕರೆಂಟಿನ ಭರವಸೆ ಇಲ್ಲದ ದಿನಗಳಲ್ಲಿ ಅಗಲವಾದ ತಟ್ಟೆಯೇ ಲೇಸು. ಒಂದು ಬೆರಳಿನ ದಪ್ಪಕ್ಕೆ ಅದೇ ಉಪ್ಪುನೀರನ್ನು ಹೊಯ್ದು ಎರಡು ಚಿಟಿಕೆ ಮೊಟ್ಟೆಯನ್ನು ಒಂದರ ಮೇಲೊಂದು ಬೀಳದಂತೆ ಉದುರಿಸಿದರೆ, ತೆಳುವಾದ ನೀರಿಗೆ ಮೇಲಿನಿಂದ ಗಾಳಿ ಸಾಕಷ್ಟು ಸೇರುವುದರಿಂದ ಪಂಪಿಲ್ಲದೆಯೂ ಮರಿ ಬರುತ್ತದೆ. ಸಂಖ್ಯೆ ಕಡಿಮೆ ನಿಜ, ಹತ್ತಿಪ್ಪತ್ತು ಗಪ್ಪಿ ಮರಿಗಳಿಗೆ ಅಷ್ಟೇ ಸಾಕು.

ಮರಿ ಹೊರಟದ್ದು ಬಣ್ಣದಿಂದಲೇ ತಿಳಿಯುತ್ತದೆ. ಕಂದಾಗಿದ್ದ ನೀರು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಆ ಹೊತ್ತಿಗೆ ಒಂದು ಹನಿಯನ್ನು ಗಾಜಿನ ಮೇಲೆ ಇಟ್ಟು ಭೂತಗನ್ನಡಿ ಹಿಡಿದು ನೋಡಬೇಕು. ಒಡೆದ ಚಿಪ್ಪಿನ ಕೆಳಗೆ ಕೊಡೆಯ ಹಿಡಿಯಂತೆ ಜೋತುಬಿದ್ದ ಮರಿ, ಪೊರೆ ಹರಿದು ಹೊರಬಂದು ಒಂದೇ ಕಣ್ಣಿನ ಚುಕ್ಕೆ ಹೊತ್ತು ಅರೆ ಮಿಲಿಮೀಟರಿನ ಮೈಯನ್ನು ಕುಲುಕಿ ಕುಲುಕಿ ಈಜುವ ಮರಿ, ಎರಡೂ ಒಂದೇ ಹನಿಯಲ್ಲಿ ಕಾಣಸಿಗುತ್ತವೆ. ಮಕ್ಕಳಿಗೆ ಇದನ್ನು ತೋರಿಸದೆ ಇರಬೇಡಿ.

ಚಿಪ್ಪನ್ನು ಬೇರ್ಪಡಿಸುವ ಕೆಲಸಕ್ಕೆ ಅವಸರ ಸಲ್ಲದು, ಏಕೆಂದರೆ ಖಾಲಿ ಚಿಪ್ಪು ಜೀರ್ಣವಾಗುವುದಿಲ್ಲ; ಸಣ್ಣ ಮೀನುಮರಿಗಳ ಕರುಳಿನಲ್ಲಿ ಅದು ಸಿಕ್ಕಿಕೊಂಡರೆ ಸಾವೇ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಚಿಪ್ಪು ಮೇಲೆ ತೇಲುತ್ತದೆ, ಒಡೆಯದ ಮೊಟ್ಟೆ ತಳಕ್ಕೆ ಇಳಿಯುತ್ತದೆ. ಆರ್ಟೀಮಿಯಾ ಮರಿಗಳಿಗೆ ಬೆಳಕು ಇಷ್ಟ. ಕೋಣೆ ಕತ್ತಲೆ ಮಾಡಿ ಬಾಟಲಿಯ ಕೆಳಭಾಗದ ಒಂದು ಮಗ್ಗುಲಿಗೆ ಟಾರ್ಚು ಹಿಡಿದರೆ ಕಿತ್ತಳೆ ಮೋಡದಂತೆ ಅಲ್ಲಿಗೇ ಬಂದು ಕೂಡುತ್ತವೆ. ಸಣ್ಣ ಪೈಪಿನಿಂದ ಆ ಮೋಡವನ್ನಷ್ಟೇ ಎಳೆದು, ಹಳೆಯ ಬಿಳಿ ಪಂಚೆಯ ಒತ್ತಾದ ನೇಯ್ಗೆಯ ತುಂಡಿನಲ್ಲಿ ಸೋಸಿ, ಸಿಹಿನೀರಿನಲ್ಲಿ ಒಮ್ಮೆ ತೊಳೆದು ತೊಟ್ಟಿಗೆ ಬಿಡಬೇಕು. ತೊಳೆಯದೆ ಬಿಟ್ಟರೆ ದಿನದಿನವೂ ಸ್ವಲ್ಪ ಸ್ವಲ್ಪ ಉಪ್ಪು ತೊಟ್ಟಿಗೆ ಸೇರುತ್ತಾ ಹೋಗುತ್ತದೆ.

ಹುಟ್ಟಿದ ಕೂಡಲೇ ಆರ್ಟೀಮಿಯಾ ಮರಿ ಏನನ್ನೂ ತಿನ್ನುವುದಿಲ್ಲ. ತನ್ನೊಳಗಿನ ಭಂಡಾರದಿಂದಲೇ ಬದುಕುತ್ತದೆ. ಆ ಭಂಡಾರ ತುಂಬಿರುವಾಗಲೇ ಅದು ಮೀನಿಗೆ ನಿಜವಾದ ಪುಷ್ಟಿ, ದಿನ ಕಳೆದಂತೆ ಸತ್ವ ಇಳಿಯುತ್ತದೆ. ಆದ್ದರಿಂದ ಹೊರಟ ಆರೇಳು ಗಂಟೆಯೊಳಗೆ ತಿನ್ನಿಸುವುದು ಉತ್ತಮ. ಉಳಿದದ್ದನ್ನು ಉಪ್ಪುನೀರಿನಲ್ಲಿಯೇ ಫ್ರಿಜ್ಜಿನಲ್ಲಿ ಇಟ್ಟು ಮರುದಿನದೊಳಗೆ ಮುಗಿಸಬಹುದು. ಸಿಹಿನೀರಿನಲ್ಲಿ ಅವು ಕೆಲವೇ ಗಂಟೆ ಬದುಕುವುದರಿಂದ ಒಮ್ಮೆಗೇ ಸುರಿಯದೆ ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಅಳತೆಗೆ ಬೇರೆ ಚಮಚ ಬೇಡ. ಗಪ್ಪಿ ಮರಿಯ ಮೈ ಪಾರದರ್ಶಕವಾದುದರಿಂದ ಹೊಟ್ಟೆ ತುಂಬಿದೊಡನೆ ಕಿತ್ತಳೆಯ ಮಣಿಯೊಂದು ಒಳಗೆ ಕೂತಂತೆ ಕಾಣುತ್ತದೆ. ನನ್ನ ಮೊಮ್ಮಗ ದೂರದಿಂದಲೇ "ಅಜ್ಜೀ, ಎಲ್ಲರ ಹೊಟ್ಟೆಯೂ ಕೆಂಪಾಯಿತು" ಎಂದು ಕೂಗಿ ಹೇಳಿದರೆ ಅಲ್ಲಿಗೆ ನಿಲ್ಲಿಸುತ್ತೇನೆ. ಫೈಟರ್ ಮೀನಿನ ಮರಿಗಳು ಇನ್ನೂ ಸಣ್ಣವು. ಮೊದಲ ಕೆಲವು ದಿನ ಒಣ ಬಾಳೆಎಲೆ ನೆನೆಸಿದ ನೀರಿನ ಸೂಕ್ಷ್ಮ ಜೀವಿಗಳನ್ನು ಕೊಟ್ಟು, ಅನಂತರ ಆರ್ಟೀಮಿಯಾ ಕೊಡುವುದು ಕ್ಷೇಮ.

ಮೊಟ್ಟೆಯ ಶತ್ರು ತೇವ. ಡಬ್ಬಿ ತಂದ ದಿನವೇ ಒಣಗಿದ ಸಣ್ಣ ಸಣ್ಣ ಶೀಶೆಗಳಿಗೆ ಹಂಚಿ, ಮಾತ್ರೆ ಡಬ್ಬಿಗಳಲ್ಲಿ ಬರುವ ತೇವ ಹೀರುವ ಪೊಟ್ಟಣವನ್ನು ಪ್ರತಿಯೊಂದಕ್ಕೂ ಹಾಕಿ ಫ್ರಿಜ್ಜಿನಲ್ಲಿ ಇಟ್ಟು, ಒಂದು ಶೀಶೆ ಮುಗಿದ ಮೇಲೆಯೇ ಇನ್ನೊಂದನ್ನು ತೆಗೆಯಬೇಕು. ಹೊರಗೆ ತೆಗೆದ ಶೀಶೆಯ ತಣಿವು ಪೂರ್ತಿ ಬಿಡುವವರೆಗೆ ಮುಚ್ಚಳ ತೆರೆಯಬಾರದು. ತೆರೆದರೆ ನಮ್ಮ ಮಳೆಗಾಲದ ಗಾಳಿ ಒಳಹೊಕ್ಕು ಬೆವರಿಳಿದು ಮೊಟ್ಟೆ ಒದ್ದೆಯಾಗುತ್ತದೆ.

ಪ್ರತಿ ಸಲದ ಬಳಿಕ ಬಾಟಲಿಯ ಒಳಗಿನ ಲೋಳೆಯನ್ನು ಬಿಸಿನೀರಿನಿಂದ ತಿಕ್ಕಿ ತೊಳೆಯಿರಿ, ಸೋಪು ಬೇಡ. ಉಳಿದ ಉಪ್ಪುನೀರನ್ನು ಅಡಿಕೆ, ವೀಳ್ಯದೆಲೆ, ಹೂಗಿಡಗಳ ಬುಡಕ್ಕೆ ಚೆಲ್ಲದೆ ತೆಂಗಿನ ಬುಡಕ್ಕೆ ಸುರಿಯಿರಿ. ಆ ಮರ ಅಷ್ಟು ಉಪ್ಪನ್ನು ತಾಳಿಕೊಳ್ಳುತ್ತದೆ.