ತೋಟದಂಚಿನ ಮರಕುಟಿಗ: ಮೆತ್ತಿನ ಕಿಟಕಿಯಿಂದ ತೆಗೆದ ಫೋಟೋಗಳು

ಸಿರ್ಸಿ ಹತ್ತಿರದ ನಮ್ಮ ತೋಟದಂಚಿಗೆ ಸುಳಿ ಸತ್ತ ತೆಂಗಿನ ಮರ ಒಂದಿದೆ. ಮಳೆಗಾಲದೊಳಗೆ ಕಡಿಸಬೇಕು ಅಂತ ಅಪ್ಪಯ್ಯ ಹೇಳ್ತಾನೇ ಇದ್ದರು. ಫೆಬ್ರವರಿ ಕೊನೆಗೆ ಅದರ ಬುಡದಲ್ಲಿ ಹೊಸ ಪುಡಿ, ಸಣ್ಣ ಚೂರು ಬಿದ್ದಿದ್ದು ಕಂಡಿತು. ತಲೆ ಎತ್ತಿದರೆ ದುಂಡನೆ ತೂತು, ಮರಕುಟಿಗದ ಗೂಡು. ಮರಿ ಹಾರೋವರೆಗೆ ಬಿಡಿ ಅಂದೆ. "ಆಗ್ಲಿ, ದನ ಮಾತ್ರ ಆ ಬದಿಗೆ ಬಿಡಡ" ಅಂದರು.

ನಮ್ಮ ಕಡೆ ಹೊನ್ನಿನ ಬೆನ್ನಿನ ಮರಕುಟಿಗಗಳು ಒಂದಕ್ಕಿಂತ ಹೆಚ್ಚು ಬಗೆ ಇವೆ. ಬಾಲದ ಬುಡ ನೋಡಬೇಕು. ಇದರದ್ದು ಕಪ್ಪು, ಉಳಿದವುಗಳದ್ದು ಕೆಂಪು. ಗಂಡಿನ ನೆತ್ತಿ ಪೂರ್ತಿ ಕೆಂಪು. ಹೆಣ್ಣಿಗೆ ಹಿಂದಿನ ಜುಟ್ಟು ಮಾತ್ರ ಕೆಂಪು, ಹಣೆ ಕಪ್ಪು, ಅದರ ಮೇಲೆ ಬಿಳಿ ಚುಕ್ಕೆ. ಇಷ್ಟು ಗೊತ್ತಾದರೆ ಪಾಳಿ ಯಾರದ್ದು ಅಂತ ಬರೆದಿಡಬಹುದು. ಇಬ್ಬರೂ ಕಾವು ಕೂರುತ್ತಾರೆ, ಕತ್ತಲಾದ ಮೇಲೆ ಒಳಗೆ ಹೋಗ್ತಾ ಇದ್ದದ್ದು ಮಾತ್ರ ಗಂಡೇ. ಕಾವು ಸುಮಾರು 11 ದಿನ, ಮರಿ ಗೂಡಲ್ಲಿರೋದು ಸುಮಾರು 20 ದಿನ. ಹಾಗಾಗಿ ಸುಮ್ನೆ ದಿನವಿಡೀ ಕೂರೋ ಅಗತ್ಯ ಇಲ್ಲ.

ಮರದ ಕೆಳಗೆ ನಾನು ಹೋಗಲೇ ಇಲ್ಲ. ಮನೆ ಮೆತ್ತಿನ (ಮಹಡಿಯ) ಕಿಟಕಿ ಹೆಚ್ಚುಕಡಿಮೆ ತೂತಿನ ಎತ್ತರಕ್ಕೇ ಇದೆ, ಅಲ್ಲೇ ಟ್ರೈಪಾಡ್ ಇಟ್ಟು, ಹಳೇ ಕಂಬಳಿ ಇಳಿಬಿಟ್ಟು, ಲೆನ್ಸ್ ಮೂತಿಯಷ್ಟೇ ಹೊರಗೆ ಕಾಣೋ ಹಾಗೆ ಮಾಡಿಕೊಂಡೆ. ಫ್ಲಾಶ್ ಬೇಡವೇ ಬೇಡ. ಮೊಬೈಲಲ್ಲಿ ಕೂಗು ಹಾಕಿ ಹಕ್ಕಿ ಕರೆಯೋರನ್ನ ಕಂಡರೆ ನನಗೆ ಸಿಟ್ಟು ಬರುತ್ತೆ. ಗೂಡಿನ ಹತ್ತಿರ ಹಾಗೆ ಮಾಡಿದರೆ ಅದು ಮರಿ ಬಿಟ್ಟು ಜಗಳಕ್ಕೆ ಹಾರುತ್ತೆ, ಅಲ್ವಾ?

ಅಡಿಕೆ ತೋಟದ ನೆರಳಲ್ಲಿ ಬೆಳಕು ಕಡಿಮೆ. ಕೂತ ಹಕ್ಕಿಗೆ ಶಟರ್ ವೇಗ 1/500 ಸೆಕೆಂಡ್, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600 ಸಾಕಾಯ್ತು. ಹಾರೋದಕ್ಕೆ 1/2000 ಬೇಕು, ಅದಕ್ಕೆ ಬಿಸಿಲು ಬರೋವರೆಗೆ ಕಾಯಬೇಕು. ಫೋಕಸ್ ಮೊದಲೇ ತೂತಿನ ಅಂಚಿಗೆ ಹಾಕಿ, ಆಟೋ ಆಫ್ ಮಾಡಿಬಿಡಿ. ಹಕ್ಕಿ ಬರೋ ಮುಂಚೆ ಕಿರುಚುತ್ತೆ, ಆ ಕಿರುಚು ಕೇಳಿದ ಕೂಡಲೇ ಬೆರಳು ಬಟನ್ ಮೇಲಿರಬೇಕು.

ಕೊಕ್ಕಲ್ಲಿ ಹುಳ ಹಿಡಿದ ಫೋಟೋ ಸಿಗುತ್ತೆ ಅಂದುಕೊಳ್ಳಬೇಡಿ. ಇದು ಇರುವೆ ನುಂಗಿಕೊಂಡು ಬಂದು, ಮರಿ ಬಾಯಿಗೆ ಕಕ್ಕಿ ಕೊಡುತ್ತೆ. ನನಗೆ ಇಷ್ಟವಾದ ಚಿತ್ರ ಬೇರೆಯೇ: ಗಟ್ಟಿ ಬಾಲದ ಗರಿಗಳನ್ನ ಮರಕ್ಕೆ ಒತ್ತಿ, ಎರಡು ಬೆರಳು ಮುಂದೆ ಎರಡು ಹಿಂದೆ ಊರಿ ನಿಂತ ಹೆಣ್ಣು, ತೂತಿಂದ ಅರ್ಧ ಹೊರಬಂದ ಮರಿಯ ತಲೆ.

ಮರಿ ಹಾರಿದ ಮೇಲೆ ತೂತಿಗೆ ಮೈನಾ ಜೋಡಿ ಬಂದಿದೆ. ಮರ ಕಡಿಸೋ ಮಾತು ಮತ್ತೆ ಮುಂದಕ್ಕೆ ಹೋಯ್ತು.