ಹೊಲದ ಹಕ್ಕಿಗಳಿಗಾಗಿ ಮೊದಲು ಹುಳು, ಆಮೇಲೆ ಬೋನು

ದಕ್ಷಿಣ ಇಂಗ್ಲೆಂಡಿನಲ್ಲಿ ಗೋಧಿ ಮತ್ತು ಬಾರ್ಲಿ ಬೆಳೆಯುವ ಜಮೀನೊಂದರಲ್ಲಿ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳನ್ನು ಉಳಿಸುವ ಹೊಣೆ ನನ್ನದು. ಈ ಕೆಲಸದ ಬಗ್ಗೆ ವಿಚಾರಿಸುವವರು ನರಿಗಳನ್ನು ಏನು ಮಾಡುತ್ತೀರಿ ಎಂದೇ ಮೊದಲು ಕೇಳುತ್ತಾರೆ. ನಾನು ಮಾತ್ರ ಹುಳುಗಳಿಂದ ಮಾತು ಆರಂಭಿಸುತ್ತೇನೆ. ಬ್ರಿಟನ್ನಿನ ಕೃಷಿಭೂಮಿಯ ಹಕ್ಕಿಗಳ ಸಂಖ್ಯೆ 1970ರಿಂದ ಈಚೆಗೆ ಅರ್ಧಕ್ಕಿಂತ ಹೆಚ್ಚು ಕುಸಿದಿದೆ, ನಮ್ಮ ಕೌಜುಗದ ದೂರದ ಬಂಧುವಾದ ಗ್ರೇ ಪಾರ್ಟ್ರಿಜ್ ನೂರಕ್ಕೆ ತೊಂಬತ್ತಕ್ಕೂ ಮಿಗಿಲಾಗಿ ಕಣ್ಮರೆಯಾಗಿದೆ. ಈ ಕುಸಿತವನ್ನು ನರಿ, ಕಾಗೆಯಂಥ ಪರಭಕ್ಷಕಗಳ ತಲೆಗೆ ಕಟ್ಟುವುದು ಸುಲಭ, ಆದರೆ ಅದು ಪೂರ್ತಿ ನಿಜವಲ್ಲ.

ಸಸೆಕ್ಸ್‌ನಲ್ಲಿ 1968ರಲ್ಲಿ ದೀರ್ಘಕಾಲದ ಅಧ್ಯಯನ ಆರಂಭಿಸಿದ ವಿಜ್ಞಾನಿ ಡಿಕ್ ಪಾಟ್ಸ್ ಅವರು ತೋರಿಸಿಕೊಟ್ಟಂತೆ, ಪಾರ್ಟ್ರಿಜ್ ಮರಿಗಳು ಹಸಿವಿನಿಂದ ಸಾಯುತ್ತಿದ್ದವು. ಮೊಟ್ಟೆಯೊಡೆದ ಮೊದಲ ಎರಡು ವಾರ ಅವುಗಳಿಗೆ ಹುಳುಹುಪ್ಪಟೆಯೇ ಆಹಾರ. ಕಳೆನಾಶಕ ಸಿಂಪಡಿಸಿದಾಗ ಕಳೆಯ ಜೊತೆಗೆ ಆ ಕಳೆಯನ್ನು ನೆಚ್ಚಿಕೊಂಡ ಹುಳುಗಳೂ ಹೋಗಿಬಿಡುತ್ತವೆ. ಆದ್ದರಿಂದ ನಾನು ಮೊದಲು ಮಾಡಿದ ಕೆಲಸ ಹೊಲದ ಅಂಚಿನ ಆರು ಮೀಟರ್ ಅಗಲದ ಪಟ್ಟಿಯಲ್ಲಿ ಕೀಟನಾಶಕವನ್ನು ಪೂರ್ತಿ ನಿಲ್ಲಿಸಿ, ಅಗಲ ಎಲೆಯ ಕಳೆಗಳನ್ನು ಕೊಲ್ಲುವ ಔಷಧವನ್ನು ಕೈಬಿಟ್ಟದ್ದು. ಆ ಪಟ್ಟಿಯಲ್ಲಿ ಬೆಳೆ ಇರುತ್ತದೆ, ಆದರೆ ವಿರಳವಾಗಿರುತ್ತದೆ. ಬುಡದಲ್ಲಿ ಮರಿಗಳು ಓಡಾಡಲು ಜಾಗ ಸಿಗುತ್ತದೆ. ಇಳುವರಿ ಅಲ್ಲಿ ಕಡಿಮೆಯಾಗುವುದು ಖಂಡಿತ; ಅದನ್ನು ಜಮೀನಿನ ಮಾಲೀಕರಿಗೆ ಮುಂಚೆಯೇ ಹೇಳಿ ಒಪ್ಪಿಸಬೇಕು, ಏಕೆಂದರೆ ನಡುವೆ ಮನಸ್ಸು ಬದಲಾದರೆ ಹಿಂದಿನ ಶ್ರಮವೆಲ್ಲ ವ್ಯರ್ಥ.

ಎರಡನೆಯದು ಗೂಡಿಗೆ ಮರೆ. ದೊಡ್ಡ ಹೊಲಗಳ ನಡುವೆ ಮಣ್ಣನ್ನು ಏರಿಸಿ, ಗಿಡ್ಡನೆಯ ಬದು ಹಾಕಿ, ಪೊದೆಯಂತೆ ಬೆಳೆಯುವ ಹುಲ್ಲನ್ನು ಬಿತ್ತಿದೆವು. ಇಲ್ಲಿನವರು ಇದನ್ನು ಬೀಟಲ್ ಬ್ಯಾಂಕ್ ಎನ್ನುತ್ತಾರೆ. ಚಳಿಗಾಲದಲ್ಲಿ ಜೀರುಂಡೆಗಳು ಇದರಲ್ಲಿ ಅಡಗಿ, ವಸಂತದಲ್ಲಿ ಹೊಲಕ್ಕಿಳಿದು ಸಸ್ಯಹೇನುಗಳನ್ನು ತಿನ್ನುತ್ತವೆ. ಕಳೆದ ವರ್ಷದ ಒಣಹುಲ್ಲು ಹಾಗೆಯೇ ನಿಂತಿರುವ ಕಡೆ ಗೂಡು ಮಾಡಲು ಪಾರ್ಟ್ರಿಜ್ ಬಯಸುತ್ತದೆ, ಆದ್ದರಿಂದ ಅಚ್ಚುಕಟ್ಟಾಗಿ ಕಾಣಲಿ ಎಂದು ಪ್ರತಿವರ್ಷ ಕತ್ತರಿಸಬಾರದು. ನೆಲದ ಮೇಲೆ ಗೂಡು ಕಟ್ಟುವ ಇನ್ನೊಂದು ಹಕ್ಕಿಯಾದ ಇಲ್ಲಿನ ಟಿಟ್ಟಿಭಕ್ಕೆ (ಲ್ಯಾಪ್‌ವಿಂಗ್) ಬೇಕಾದದ್ದು ಇದಕ್ಕೆ ತದ್ವಿರುದ್ಧ: ಸುತ್ತಲೂ ಕಣ್ಣು ಹಾಯುವಂಥ ಬಯಲು, ಬರಿಯ ನೆಲ, ಸಮೀಪದಲ್ಲಿ ಒದ್ದೆಯ ಹುಲ್ಲುಗಾವಲು. ಕಾಗೆ ಕುಳಿತು ಹೊಂಚುಹಾಕುವ ಒಂಟಿ ಮರ ಅಥವಾ ಹಳೆಯ ಕಂಬದ ಪಕ್ಕದಲ್ಲಿ ಅದಕ್ಕೆ ಜಾಗ ಬಿಡುವುದು ಅದರ ಮೊಟ್ಟೆಗಳನ್ನು ಕೈಯಾರೆ ಒಪ್ಪಿಸಿದಂತೆ.

ಇಷ್ಟಾದ ಮೇಲೆ ಪರಭಕ್ಷಕಗಳ ನಿಯಂತ್ರಣ. ಇದು ಬೇಕೇ ಎಂಬ ಪ್ರಶ್ನೆಗೆ ಸಾಲಿಸ್‌ಬರಿ ಬಯಲಿನಲ್ಲಿ 1985ರಿಂದ 1990ರವರೆಗೆ ನಡೆದ ಪ್ರಯೋಗಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ಸಿಕ್ಕಿಲ್ಲ. ಎರಡು ಪ್ರದೇಶಗಳ ಪೈಕಿ ಒಂದರಲ್ಲಿ ಮೂರು ವರ್ಷ ನಿಯಂತ್ರಣ ನಡೆಸಿ, ಆಮೇಲೆ ಅದಲುಬದಲು ಮಾಡಿದಾಗ, ಮೂರು ವರ್ಷಗಳ ಕೊನೆಗೆ ನಿಯಂತ್ರಣವಿದ್ದ ಕಡೆ ಗೂಡು ಕಟ್ಟುವ ಪಾರ್ಟ್ರಿಜ್ ಜೋಡಿಗಳು ನಿಯಂತ್ರಣವಿಲ್ಲದಿದ್ದಾಗ ಇರುತ್ತಿದ್ದುದರ ಸುಮಾರು 2.6 ಪಟ್ಟು ಇದ್ದವು. ಕಾವು ಕೂತ ಹೆಣ್ಣು ಸುಮಾರು ಮೂರೂವರೆ ವಾರ ಹೆಚ್ಚಿನ ಹೊತ್ತು ಗೂಡುಬಿಟ್ಟು ಕದಲದಿರುವುದರಿಂದ ನರಿ ಮೊಟ್ಟೆಗಳ ಜೊತೆಗೆ ತಾಯಿಯನ್ನೂ ಒಯ್ಯುತ್ತದೆ.

ನಾನು ಈ ಕೆಲಸವನ್ನು ವಸಂತದಿಂದ ಬೇಸಿಗೆಯ ಮೊದಲ ಭಾಗಕ್ಕೆ, ಅಂದರೆ ಗೂಡಿನ ಕಾಲಕ್ಕೆ ಮಾತ್ರ ಸೀಮಿತಗೊಳಿಸಿದ್ದೇನೆ. ಕಾಗೆ ಮತ್ತು ಅದರ ಬಂಧುವಾದ ಮ್ಯಾಗ್‌ಪೈಗಳಿಗೆ, ಹಕ್ಕಿಯನ್ನು ಜೀವಂತ ಹಿಡಿಯುವ ಲಾರ್ಸೆನ್ ಬೋನು ಬಳಸುತ್ತೇನೆ. ಬೇರೆ ಹಕ್ಕಿಗಳನ್ನು ಸೆಳೆಯಲು ಅದರ ಒಂದು ಅಂಕಣದಲ್ಲಿ ಇಟ್ಟಿರುವ ಜೀವಂತ ಕರೆಹಕ್ಕಿಗೆ ನೀರು, ಆಹಾರ, ನೆರಳು, ಕೂರಲು ಕೊಂಬೆ ಇರಲೇಬೇಕು. ಬೋನನ್ನು ದಿನಕ್ಕೊಮ್ಮೆಯಾದರೂ ನೋಡಬೇಕು. ಬೇರೆ ಯಾವ ಹಕ್ಕಿ ಸಿಕ್ಕಿದರೂ ಕೂಡಲೇ ಬಿಡಬೇಕು. 1981ರ ವನ್ಯಜೀವಿ ಕಾಯ್ದೆಯಡಿ ಎಲ್ಲ ಕಾಡುಹಕ್ಕಿಗಳಿಗೂ ರಕ್ಷಣೆಯಿದ್ದು, ಒಬ್ಬೊಬ್ಬರೂ ಬೇರೆಬೇರೆ ಅರ್ಜಿ ಹಾಕದೆ ಬಳಸಬಹುದಾದ ‘ಸಾಮಾನ್ಯ ಪರವಾನಗಿ’ಯ ಷರತ್ತುಗಳೊಳಗೆ ಮಾತ್ರ ಇದಕ್ಕೆ ಅವಕಾಶ. 2019ರ ಏಪ್ರಿಲ್‌ನಲ್ಲಿ ಕಾನೂನಿನ ಸವಾಲು ಎದುರಾಗಿ ಇಂಗ್ಲೆಂಡಿನಲ್ಲಿ ಆ ಪರವಾನಗಿಗಳನ್ನು ಹಠಾತ್ತನೆ ಹಿಂತೆಗೆದುಕೊಂಡಾಗ ಈ ಕ್ಷೇತ್ರದ ಅನೇಕರು ಸಿಟ್ಟಾದರು. ಆದರೂ ಒಂದು ಜೀವವನ್ನು ತೆಗೆಯುವವನು ಯಾವ ಹಕ್ಕಿಯನ್ನು ಉಳಿಸಲು ತೆಗೆಯುತ್ತಿದ್ದೇನೆ ಎಂದು ಹೇಳಬಲ್ಲವನಾಗಿರಬೇಕು ಎಂಬ ಅಪೇಕ್ಷೆ ನನಗೆ ನ್ಯಾಯವಾಗಿಯೇ ಕಾಣುತ್ತದೆ. ಟಿಟ್ಟಿಭದ ಗೂಡುಗಳಿರುವ ಜಾಗ ಚಿಕ್ಕದಾದ್ದರಿಂದ ಅಲ್ಲಿ ನರಿಗೆ ಗುಂಡು ಹಾರಿಸುವ ಬದಲು ವಿದ್ಯುತ್ ಬೇಲಿ ಹಾಕುತ್ತೇನೆ. ಕೊಲ್ಲದೆ ಆಗುವ ಕೆಲಸವನ್ನು ಕೊಲ್ಲದೆಯೇ ಮಾಡಬೇಕು.

ಎಷ್ಟು ಕಾಗೆ ಹಿಡಿದೆವು ಎಂಬ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. ನಿಜವಾದ ಲೆಕ್ಕ ಕೊಯ್ಲಿನ ನಂತರ, ಕೂಳೆಹೊಲಗಳಲ್ಲಿ ಬೆಳಗಿನ ಮತ್ತು ಸಂಜೆಯ ಹೊತ್ತು ಪಾರ್ಟ್ರಿಜ್ ಗುಂಪುಗಳನ್ನು ಎಣಿಸುವಾಗ ಸಿಗುತ್ತದೆ. ಗಂಡು, ಹೆಣ್ಣು, ಮರಿಗಳನ್ನು ಬೇರೆಬೇರೆಯಾಗಿ ಬರೆದುಕೊಳ್ಳುತ್ತೇನೆ. ಜೋಡಿಯಿಲ್ಲದ ಗಂಡುಗಳು ಹೆಚ್ಚಾಗಿ ಕಂಡರೆ ಹೆಣ್ಣುಗಳು ಗೂಡಿನಲ್ಲೇ ಬಲಿಯಾಗಿವೆ ಎಂದರ್ಥ. ಆಗ ಮುಂದಿನ ವಸಂತದಲ್ಲಿ ಗೂಡಿನ ಮರೆ ಮತ್ತು ನರಿಯ ಕಡೆ ಗಮನ ಹರಿಸುತ್ತೇನೆ. ತಾಯಂದಿರು ಇದ್ದೂ ಜೊತೆಯಲ್ಲಿ ಮರಿಗಳು ಎರಡೋ ಮೂರೋ ಮಾತ್ರವಿದ್ದರೆ ಬೋನುಗಳನ್ನು ಹೆಚ್ಚಿಸುವುದಿಲ್ಲ. ಜೂನ್ ತಿಂಗಳ ಮಳೆ, ಚಳಿಯನ್ನು ಗಣನೆಗೆ ತೆಗೆದುಕೊಂಡು, ಔಷಧ ಬೀಳದ ಅಂಚುಗಳನ್ನು ಇನ್ನಷ್ಟು ಹೊಲಗಳಿಗೆ ವಿಸ್ತರಿಸುತ್ತೇನೆ.