ಶೂಬರ್ಟನ ಜಿ ಮೇಜರ್ ಮಾಸ್: ಹಿಂದೂಸ್ತಾನಿ ಕಿವಿಯ ಕ್ವಾಯರ್‌ಗೆ ಕಲಿಸುವ ಬಗೆ

ಹುಬ್ಬಳ್ಳಿ-ಧಾರವಾಡದ ಕ್ವಾಯರ್ (ಚರ್ಚಿನ ಗಾಯನ ತಂಡ) ಒಂದು ಲ್ಯಾಟಿನ್ ಮಾಸ್, ಅಂದರೆ ಕಥೋಲಿಕ ಪೂಜೆಯ ಪಠ್ಯಕ್ಕೆ ಕಟ್ಟಿದ ಸಂಗೀತ, ಹಾಡಬೇಕೆಂದಿದ್ದರೆ ಶೂಬರ್ಟನ ಜಿ ಮೇಜರ್ ಹಿಡಿಯುವುದೇ ಒಳ್ಳೆಯದು. ಹದಿನೆಂಟರ ಹುಡುಗ 1815ರ ಮಾರ್ಚ್‌ನಲ್ಲಿ ಆರೇ ದಿನದಲ್ಲಿ ಬರೆದದ್ದು. ಪೂರ್ತಿ ಹಾಡಿದರೂ ಸುಮಾರು 25 ನಿಮಿಷ. ಹೆಣ್ಣು ದನಿಯಲ್ಲಿ ಮೇಲಿನ ಸೊಪ್ರಾನೊ 5, ಕೆಳಗಿನ ಆಲ್ಟೊ 4, ಗಂಡು ದನಿಯಲ್ಲಿ ಮೇಲಿನ ಟೆನರ್ 3, ಕೆಳಗಿನ ಬೇಸ್ 4 ಇದ್ದರೆ ಸಾಕು. ಮೂಲದಲ್ಲಿ ತಂತಿವಾದ್ಯ, ಆರ್ಗನ್ ಇವೆ. ನಮಗೆ ಆರ್ಗನ್ ದನಿಯ ಕೀಬೋರ್ಡ್ ನಡೆಯುತ್ತದೆ. ಟೆನರ್ ಸಿಗದಿದ್ದರೆ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಕೇಳಿ ನೋಡಿ, ನಾಲ್ಕು ಧ್ವನಿಯಲ್ಲಿ ಹಾಡಿ ರೂಢಿಯಿದ್ದವರು ಅಲ್ಲಿ ಸಿಕ್ಕಾರು.

ಸ್ಟಾಫ್ ನೊಟೇಶನ್ ಬಾರದವರಿಗೆ ಸರಗಮ್ ಬರೆದುಕೊಡಿ. ಮಾಸ್‌ನ ಭಾಗಗಳಲ್ಲಿ ಕೀರಿಯೆ, ಬೆನೆಡಿಕ್ತುಸ್‌ಗೆ ಹಾರ್ಮೋನಿಯಂನ ಬಿಳಿ ಐದು (ಜಿ) ಷಡ್ಜ, ಬಿಲಾವಲ್ ಸ್ವರಗಳು (ಎಲ್ಲ ಶುದ್ಧ). ನಡುವೆ ಡಿ ಮೇಜರ್ ಕಡೆ ವಾಲಿದಾಗ ಷಡ್ಜ ಬದಲಿಸಬೇಡಿ, ತೀವ್ರ ಮಧ್ಯಮ ಬರೆದರೆ ಮುಗಿಯಿತು. ಗ್ಲೋರಿಯಾ, ಸಾಂಕ್ತುಸ್‌ಗೆ ಮಾತ್ರ ಬಿಳಿ ಎರಡು (ಡಿ). ಆನ್ಯುಸ್ ದೇಯಿ ಇ ಮೈನರ್‌ನಲ್ಲಿ ಶುರುವಾಗಿ ಜಿ ಮೇಜರ್‌ನಲ್ಲಿ ಮುಗಿಯುವುದರಿಂದ ಬಿಳಿ ಐದನ್ನೇ ಇಟ್ಟುಕೊಂಡು ಧೈವತದಿಂದ ಹೊರಡಿಸಿ.

ತೊಂದರೆ ಬರುವುದು ಗಾಂಧಾರದಲ್ಲಿ. ತಂಬೂರಿಗೆ ಪಳಗಿದ ಕಿವಿ ಶುದ್ಧ ಗಾಂಧಾರವನ್ನು ಕೀಬೋರ್ಡಿಗಿಂತ ಸುಮಾರು 14 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಪಾಲಿಗೆ ಒಂದು ಸೆಂಟ್) ತಗ್ಗಿಸಿ ಹಿಡಿಯುತ್ತದೆ. ಅದು ತಪ್ಪಲ್ಲ, ಬರೀ ದನಿಯಲ್ಲಿ ಅದೇ ಇಂಪು. ಆದರೆ ಕೀಬೋರ್ಡ್ ಜೊತೆ ತಾಕಲಾಡುತ್ತದೆ. ಅದಕ್ಕೇ ತಂಬೂರಿ ಆ್ಯಪ್ ಬೇಡ. ಹಳೆಯ ಹಾರ್ಮೋನಿಯಂ ಪೆಟ್ಟಿಗೆಯೂ ಬೇಡ, ಅದರ ಶ್ರುತಿ ಕೀಬೋರ್ಡಿಗೆ ಕೂಡದೇ ಇರಬಹುದು. ಮಾಸ್ ದಿನ ನುಡಿಸುವ ವಾದ್ಯದಲ್ಲೇ ಅಭ್ಯಾಸ ನಡೆಯಲಿ. ಇನ್ನೊಂದು ಕಾಟ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು. ಒಬ್ಬರ ಮೀಂಡ್ ಚೆಂದ, ನಾಲ್ಕು ಧ್ವನಿ ಒಟ್ಟಿಗೆ ಜಾರಿದರೆ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲು) ಕೆಸರಾಗುತ್ತದೆ. ಪ್ರತಿ ಸ್ವರವನ್ನೂ ‘ದು’ ಎಂದು ಕಡಿದು ಹಾಡಿಸಿ, ಆಮೇಲೆ ಸಾಹಿತ್ಯ ಕೂಡಿಸಿ.

ಉಚ್ಚಾರದಲ್ಲಿ ನಮ್ಮವರ ಅಭ್ಯಾಸ ಗೊತ್ತೇ ಇದೆ: ‘ಎಲೇಯಿಸೋನ್’ ಹೋಗಿ ‘ಯೆಲೇಯಿಸೋನ್’, ‘ಓಸಾನ್ನಾ’ ಹೋಗಿ ‘ವೋಸಾನ್ನಾ’. ಬಾಯಿ ಮೊದಲೇ ತೆರೆದಿಟ್ಟು ಶುರು ಮಾಡಿಸಿದರೆ ಯಕಾರ, ವಕಾರ ನುಸುಳುವುದಿಲ್ಲ. ಟ, ಡ ಎಲ್ಲೂ ಇಲ್ಲ, ತ, ದ ಮಾತ್ರ. ‘ದೋಮಿನುಸ್’ ಕೊನೆಯ ಸಕಾರವನ್ನು ಒಬ್ಬರೇ ಹೇಳಲಿ. ಹದಿನಾರು ಮಂದಿ ಹೇಳಿದರೆ ಕುಕ್ಕರ್ ಸೀಟಿಯಾಗುತ್ತದೆ.

ಪೂಜೆಗೆ ಹೊಂದಿಸುವುದು ಬೇರೆಯೇ ಕೆಲಸ. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲ, ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಭಾನುವಾರಗಳಲ್ಲಿ ಗ್ಲೋರಿಯಾ ಇಲ್ಲ, ಹಾಗಾಗಿ ಕ್ರಿಸ್ಮಸ್ ಇಲ್ಲವೆ ಈಸ್ಟರ್ ಆರಿಸಿ. ಕ್ರೇದೊ (ವಿಶ್ವಾಸ ಸಂಗ್ರಹ) ಬಿಡಿ. ‘ಏಕ, ಪವಿತ್ರ, ಕಥೋಲಿಕ ಧರ್ಮಸಭೆ’ಯ ಸಾಲನ್ನು ಶೂಬರ್ಟ್ ತನ್ನ ಯಾವ ಲ್ಯಾಟಿನ್ ಮಾಸ್‌ನಲ್ಲೂ ಸ್ವರಕ್ಕೆ ಕೂಡಿಸಿಲ್ಲ, ವಿಶ್ವಾಸ ಸಂಗ್ರಹವನ್ನು ಜನರೇ ಕನ್ನಡದಲ್ಲಿ ಹೇಳಲಿ. ಆ ಕಾಲದಲ್ಲಿ ಬೆನೆಡಿಕ್ತುಸ್ ಹಾಡುತ್ತಿದ್ದದ್ದು ರೊಟ್ಟಿ, ಪಾತ್ರೆ ಎತ್ತಿ ತೋರಿಸಿದ ಮೇಲೆ. ಈಗ ಅದು ಸಾಂಕ್ತುಸ್‌ಗೆ ಅಂಟಿಕೊಂಡೇ ಬರಬೇಕು, ಗುರುಗಳು ಬಲಿಪೀಠದ ಮುಂದೆ ಐದಾರು ನಿಮಿಷ ಕಾಯಬೇಕಾಗುತ್ತದೆ. ಮೊದಲೇ ಕೇಳಿಕೊಳ್ಳಿ. ಒಪ್ಪದಿದ್ದರೆ ಸಾಂಕ್ತುಸ್ ಜನರಿಗೆ ಬಿಟ್ಟು, ಬೆನೆಡಿಕ್ತುಸ್ ಅನ್ನು ಪರಮಪ್ರಸಾದ ಹಂಚುವಾಗ ಹಾಡಿ. ಹೇಗೆ ಹಾಡಿದರೂ ಬೆನೆಡಿಕ್ತುಸ್ ಕೊನೆಗೆ ಮತ್ತೆ ಬರುವ ಓಸಾನ್ನಾಕ್ಕೆ ಷಡ್ಜ ಬಿಳಿ ಐದರಿಂದ ಬಿಳಿ ಎರಡಕ್ಕೆ ನೆಗೆಯುತ್ತದೆ, ಎತ್ತಿಕೊಳ್ಳುವವರು ಎಡವುವುದು ಅಲ್ಲೇ. ಆ ಒಂದು ಜಾಗವನ್ನು ಪ್ರತಿ ಅಭ್ಯಾಸದ ಕೊನೆಗೆ ನಾಲ್ಕು ಸಲ ಹಾಡಿಸಿ.